ಮೂರು ಐವತ್ತೆಂಟರ ಮುಹೂರ್ತ

ಅಲ್ಲಿ ಸಾಯಂಕಾಲ, ಇಲ್ಲಿ ಬ್ರಾಹ್ಮೀ ಮುಹೂರ್ತ. ಮಾರ್ಚ್ ಬಂದಿತೆಂದರೆ ಅಮೆರಿಕದ ಕೆಲವೇ ವಿಶ್ವವಿದ್ಯಾಲಯಗಳ ಒಂದೊಂದು ಪತ್ರಕ್ಕಾಗಿ ಭೂಮಿಯ ಎರಡು ಮಗ್ಗುಲುಗಳಲ್ಲಿಯೂ ಮನೆಗಳು ನಿದ್ದೆಗೆಡುತ್ತವೆ. ಇಂದು ನೂರರಲ್ಲಿ ನಾಲ್ವರಿಗೆ ತೆರೆಯುವ ಹಾರ್ವರ್ಡಿನ ಬಾಗಿಲು ಎಪ್ಪತ್ತು ವರ್ಷಗಳ ಕೆಳಗೆ ತಟ್ಟಿದ ಮೂವರಲ್ಲಿ ಇಬ್ಬರಿಗೆ ತೆರೆಯುತ್ತಿತ್ತು. ಅದಕ್ಕೆ ಅಗುಳಿ ಬಿದ್ದುದು ಹೇಗೆ?

ಕೆಲವು ವರ್ಷಗಳ ಹಿಂದಿನ ಮಾರ್ಚ್ 15. ಬಸವನಗುಡಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ನಾನು ಅಂದು ಅತಿಥಿಯಾಗಿದ್ದೆನು. ಹಾಲಿನವನೂ ಬಾರದ, ಪತ್ರಿಕೆಯವನೂ ಬಾರದ, ಬೀದಿಯ ನಾಯಿಗಳು ಸಹ ತಮ್ಮ ರಾತ್ರಿಪಾಳಿಯನ್ನು ಮುಗಿಸಿ ಮುದುಡಿಕೊಂಡಿದ್ದ ಮೂರೂವರೆಯ ನಿಶ್ಶಬ್ದದಲ್ಲಿ, ಅಡುಗೆಯ ಮನೆಯಿಂದ ಕಾಫಿಯ ಡಿಕಾಕ್ಷನ್ ಇಳಿಯುತ್ತಿದ್ದ ಪರಿಮಳವು ನನ್ನನ್ನು ಎಬ್ಬಿಸಿತು.

ಆ ಹೊತ್ತಿನಲ್ಲಿ ಕಾಫಿಯ ವಾಸನೆ ಬಂದರೆ ಯಾರಿಗೋ ಅಸ್ವಸ್ಥತೆಯೆಂದೇ ನಮ್ಮ ತಲೆಮಾರಿನವರು ತಿಳಿಯುವುದು. ಗಾಬರಿಯಿಂದ ಹೊರಗೆ ಬಂದು ನೋಡಿದರೆ ನಡುಮನೆಯಲ್ಲಿ ಇಡೀ ಸಂಸಾರವೇ ಎಚ್ಚತ್ತಿತ್ತು. ತಂಗಿ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು. ಅವಳ ಯಜಮಾನರು ಹಿಂದಿನ ದಿನದ ಪತ್ರಿಕೆಯನ್ನು ಎರಡನೆಯ ಸಲ ಓದುತ್ತಿರುವಂತೆ ನಟಿಸುತ್ತಿದ್ದರು. ಅವಳ ಅತ್ತೆಯವರು ಸ್ನಾನವನ್ನೂ ಮುಗಿಸಿ ದೇವರ ಮುಂದೆ ದೀಪ ಹಚ್ಚಿದ್ದರು. ಹದಿನೇಳು ವರ್ಷದ ನನ್ನ ಸೋದರಸೊಸೆಯ ಮುಂದೆ ಮೇಜಿನ ಮೇಲೆ ಎರಡು ವಸ್ತುಗಳಿದ್ದವು: ತೆರೆದ ಲ್ಯಾಪ್‌ಟಾಪು, ಮತ್ತು ತೆರೆದು ಮಗುಚಿಟ್ಟ ರಸಾಯನಶಾಸ್ತ್ರದ ಪುಸ್ತಕ. ಅಂದು ಬೆಳಗ್ಗೆ ಹತ್ತು ಗಂಟೆಗೆ ಅವಳಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಇದ್ದಿತು.

“ಇನ್ನೂ ಇಪ್ಪತ್ತೆಂಟು ನಿಮಿಷ,” ಎಂದಳು, ನಾನು ಕೇಳುವುದಕ್ಕೆ ಮುನ್ನವೇ.

ಎಂ.ಐ.ಟಿ.ಯಿಂದ ಉತ್ತರ ಬರುವ ದಿನ ಅದು. “ಮಣಿಪಾಲದ್ದು ತಾನೆ? ಅದಕ್ಕೆ ಇಷ್ಟು ಹೊತ್ತಿಗೆ ಏಕೆ ಏಳಬೇಕು?” ಎಂದು ಅಜ್ಜಿ ಕೇಳಿದ ಪ್ರಶ್ನೆಗೆ ಆ ವಾರದಲ್ಲಿ ನಾಲ್ಕು ಬಾರಿ ಉತ್ತರ ಹೇಳಲಾಗಿತ್ತಂತೆ. ಮಣಿಪಾಲದ್ದಲ್ಲ, ಮೈಸೂರಿನದೂ ಅಲ್ಲ. ಬಾಸ್ಟನ್ ನಗರದ ಎದುರಿಗೆ, ಚಾರ್ಲ್ಸ್ ನದಿಯ ಆಚೆಯ ದಡದಲ್ಲಿರುವ ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ, ಮಾರ್ಚ್ 14.

ಗಣಿತದಲ್ಲಿ ಪೈ ಎಂಬ ಸಂಖ್ಯೆಯು 3.14 ಎಂದು ಮೊದಲಾಗುವುದರಿಂದ, ಮೂರನೆಯ ತಿಂಗಳ ಹದಿನಾಲ್ಕನೆಯ ದಿನವು ಆ ವಿದ್ಯಾಸಂಸ್ಥೆಗೆ ಹಬ್ಬವಿದ್ದಂತೆ. ಅದೇ ದಿನ, ಪೈಯ ಎರಡರಷ್ಟಾದ 6.28ರ ಗೌರವಾರ್ಥವಾಗಿ ಸಂಜೆ ಆರು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಸರಿಯಾಗಿ ಪ್ರವೇಶದ ನಿರ್ಣಯವನ್ನು ಪ್ರಕಟಿಸುವ ಸಂಪ್ರದಾಯವನ್ನು ಅವರು 2012ರಿಂದ ಇಟ್ಟುಕೊಂಡಿದ್ದಾರೆ. ಲಗ್ನವನ್ನು ನಿಮಿಷದ ಲೆಕ್ಕದಲ್ಲಿ ಗುಣಿಸುವ ನಮ್ಮ ಪಂಚಾಂಗದವರು ಕೇಳಿದರೆ ಮೆಚ್ಚಿಯಾರು. ಅವರ ಆರು ಇಪ್ಪತ್ತೆಂಟು ನಮ್ಮ ಬೆಳಗಿನ ಜಾವ ಮೂರು ಐವತ್ತೆಂಟು.

---

ಗಡಿಯಾರದ ಲೆಕ್ಕ

2015ರ ಮಾರ್ಚ್ 14ನ್ನು ಅಮೆರಿಕದವರ ಪದ್ಧತಿಯಲ್ಲಿ ಬರೆದರೆ 3-14-15. ಪೈಯ ಮುಂದಿನ ಅಂಕಿಗಳು 9, 2, 6. ಶತಮಾನಕ್ಕೊಮ್ಮೆ ಒದಗುವ ಈ ಯೋಗವನ್ನು ಬಿಡಲಾರದೆ ಎಂ.ಐ.ಟಿ.ಯವರು ಆ ವರ್ಷ ಬೆಳಗ್ಗೆ 9.26ಕ್ಕೆ ಫಲಿತವನ್ನು ಪ್ರಕಟಿಸಿದರು. ಆ ಒಂದು ವರ್ಷ ಬೆಂಗಳೂರಿನವರಿಗೆ ನಿದ್ದೆ ಕೆಡಲಿಲ್ಲ: ಇಲ್ಲಿ ಆಗ ಸಂಜೆ 6.56.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯ ಮೊದಲಾದ ಎಂಟು ‘ಐವಿ’ ವಿದ್ಯಾಲಯಗಳು ಮಾರ್ಚ್ ಕೊನೆಯ ಒಂದು ಸಂಜೆ ಒಟ್ಟಿಗೆ ಉತ್ತರ ಕೊಡುತ್ತವೆ. ಅಲ್ಲಿನ ಏಳು ಗಂಟೆ ಇಲ್ಲಿನ ಬೆಳಗಿನ ಜಾವ 4.30.

---

ಅಂಕಿಗಳನ್ನು ಒಮ್ಮೆ ಹೇಳಿ ಮುಗಿಸುತ್ತೇನೆ. 2024ರ ಪ್ರವೇಶಕ್ಕೆ ಎಂ.ಐ.ಟಿ.ಗೆ ಬಂದ ಅರ್ಜಿಗಳು 28,232. ಕರೆ ಬಂದದ್ದು 1,300ಕ್ಕೂ ಕಡಮೆ ಜನಕ್ಕೆ. ಅದೇ ವರ್ಷ ಹಾರ್ವರ್ಡಿನಲ್ಲಿ 54,008 ಮಂದಿ ಕೇಳಿದರು, 1,937 ಮಂದಿಗೆ ದೊರೆಯಿತು. ವಿದೇಶೀಯರ ಪಾಲಿಗೆ ಬಾಗಿಲು ಇನ್ನೂ ಕಿರಿದು.

ಕಾಯುವುದು ನಮಗೆ ಹೊಸದಲ್ಲ. ನಾನು ಎಸ್.ಎಸ್.ಎಲ್.ಸಿ. ಬರೆದ ಕಾಲದಲ್ಲಿ ಫಲಿತಾಂಶವು ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಇರುವೆಯ ಸಾಲಿನಂತಹ ಸಣ್ಣ ಅಂಕಿಗಳಲ್ಲಿ, ಪುಟಪುಟಗಳ ತುಂಬ, ಹೆಸರಿಲ್ಲದ ಊರಿಲ್ಲದ ಬರಿಯ ರಿಜಿಸ್ಟರ್ ನಂಬರುಗಳು. ಬಸ್ ನಿಲ್ದಾಣಕ್ಕೆ ಪತ್ರಿಕೆಯ ಕಟ್ಟು ಬಂದಿಳಿಯುವ ಮುನ್ನವೇ ಅಲ್ಲಿ ಹುಡುಗರೂ ಹುಡುಗರ ತಂದೆಗಳೂ ನೆರೆದಿರುತ್ತಿದ್ದರು. ಆಮೇಲೆ ತಿಂಗಳಿಡೀ ಊರಿನಲ್ಲಿ ಒಂದೇ ಪ್ರಶ್ನೆ: “ನಂಬರು ಬಂತೇ?”

ಬಾರದಿದ್ದವನ ಅವಮಾನವು ಬಹಿರಂಗವಾದುದು, ಕ್ರೂರವಾದುದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಒಂದು ಬಗೆಯ ದಾಕ್ಷಿಣ್ಯವೂ ಅಡಗಿದ್ದಿತೆಂದು ಈಗ ನನಗೆ ತೋರುತ್ತದೆ. “ಗಣಿತದಲ್ಲಿ ಹೋಯಿತು,” “ಇಂಗ್ಲಿಷಿನಲ್ಲಿ ಹೋಯಿತು” ಎನ್ನುತ್ತಿದ್ದೆವಲ್ಲದೆ “ನಾನು ಹೋದೆ” ಎಂದು ಯಾರೂ ಅನ್ನುತ್ತಿರಲಿಲ್ಲ. ಹೋದದ್ದು ವಿಷಯ, ಹುಡುಗನು ಉಳಿದುಕೊಳ್ಳುತ್ತಿದ್ದನು, ಸೆಪ್ಟೆಂಬರಿನ ಪರೀಕ್ಷೆಗೆ ಮತ್ತೆ ಕಟ್ಟುತ್ತಿದ್ದನು.

ಮೈಸೂರಿನಲ್ಲಿ ಆರ್. ಕೆ. ನಾರಾಯಣರು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಒಂದು ವರ್ಷ ಮನೆಯಲ್ಲಿ ಉಳಿದಾಗ, ಪುಸ್ತಕವನ್ನು ಹಿಡಿದುಕೊಂಡು ಕುಕ್ಕರಹಳ್ಳಿಯ ಕೆರೆಯ ಕಡೆಗೆ ಹೋಗಿ ಕುಳಿತು ಓದುತ್ತಿದ್ದರೆಂಬುದನ್ನು ಅವರ ಆತ್ಮಕಥೆಯನ್ನು ಓದಿದವರೆಲ್ಲರೂ ಬಲ್ಲರು. ಪರೀಕ್ಷೆಯು ಅವರಿಗೆ ಹೇಳಿದ್ದು, ಈ ಉತ್ತರಗಳು ಸಾಲವು ಎಂದು ಮಾತ್ರ. ಅವರು ಎಂತಹ ಮನುಷ್ಯರೆಂಬ ವಿಚಾರಕ್ಕೆ ಅದು ಕೈಹಾಕಲಿಲ್ಲ.

ಈ ಅಮೆರಿಕದ ಪತ್ರವು ಕೈಹಾಕುವುದು ಅದಕ್ಕೇ.

ಹಿಂದಿನ ಡಿಸೆಂಬರಿನಲ್ಲಿ ಆ ಹುಡುಗಿ ತನ್ನ ಅರ್ಜಿಯ ಪ್ರಬಂಧಗಳನ್ನು ನನಗೆ ಓದಲು ಕೊಟ್ಟಿದ್ದಳು. ನೀನು ಎಂತಹ ಲೋಕದಿಂದ ಬಂದವಳು, ನಿನಗೆ ಸಂತೋಷ ಕೊಡುವ ಕೆಲಸ ಯಾವುದು, ಅನಿರೀಕ್ಷಿತವಾದ ತೊಡಕನ್ನು ಹೇಗೆ ಎದುರಿಸಿದೆ ಎಂಬ ಪ್ರಶ್ನೆಗಳಿಗೆ ಇನ್ನೂರು ಚಿಲ್ಲರೆ ಪದಗಳ ಮಿತಿಯಲ್ಲಿ ಉತ್ತರ ಬರೆಯಬೇಕು. ನಮ್ಮಲ್ಲಿ ಆತ್ಮಕಥೆ ಬರೆಯುವುದು ಅರುವತ್ತು ದಾಟಿ, ಶಾಂತಿ ಮಾಡಿಸಿಕೊಂಡು, ವಿರೋಧ ಹೇಳಬಲ್ಲ ಸಮಕಾಲೀನರೆಲ್ಲರೂ ತೀರಿಕೊಂಡ ಮೇಲೆ. ಹದಿನೇಳಕ್ಕೆ ಬರೆಯೆಂದರೆ ಮಗು ಏನನ್ನು ಬರೆಯಬೇಕು? ಅವಳು ಅಜ್ಜಿಯ ಒಗ್ಗರಣೆಯ ಡಬ್ಬಿಯ ಏಳು ಬಟ್ಟಲುಗಳ ವಿನ್ಯಾಸದ ಮೇಲೆ ಬರೆದಿದ್ದಳು. ಒಂದರ ಸುತ್ತ ಆರು ಸಮವೃತ್ತಗಳು ಮಾತ್ರವೇ ಏಕೆ ಸರಿಯಾಗಿ ಕೂರುತ್ತವೆ ಎಂಬುದನ್ನು ಚೆನ್ನಾಗಿಯೇ ವಿವರಿಸಿದ್ದಳು. ಇದನ್ನು ತಿರಸ್ಕರಿಸಿದರೆ ಅವರು ತಿರಸ್ಕರಿಸುವುದು ರಸಾಯನಶಾಸ್ತ್ರವನ್ನಲ್ಲ, ಒಗ್ಗರಣೆಯ ಡಬ್ಬಿಯನ್ನು, ಅಜ್ಜಿಯನ್ನು, ಅವಳನ್ನು.

‘ನಿನಗೆ ಏನು ತಿಳಿದಿದೆ’ ಎಂದು ಕೇಳುತ್ತಿದ್ದ ಬಾಗಿಲು ‘ನೀನು ಯಾರು’ ಎಂದು ಕೇಳತೊಡಗಿದುದು ಎಂದಿನಿಂದ?

1935ರ ಮೂವರು

ಅದನ್ನು ತಿಳಿಯಲು 1935ರಲ್ಲಿ ಇಂತಹದೇ ಉತ್ತರಕ್ಕಾಗಿ ಕಾಯುತ್ತಿದ್ದ ಮೂವರು ಹುಡುಗರ ಕಥೆಯನ್ನು ಒಟ್ಟಿಗೆ ಇಟ್ಟು ನೋಡಬೇಕು.

ಮೊದಲನೆಯವನು ಹದಿನೇಳು ವರ್ಷದ ಶ್ರೀಮಂತ ಹುಡುಗ. ದುಬಾರಿಯಾದ ವಸತಿಶಾಲೆಯಲ್ಲಿ ಓದಿದವನು. ತರಗತಿಯಲ್ಲಿ ಅವನ ಸ್ಥಾನ ನಡುವಿಗಿಂತ ಕೆಳಗೆ. ಹಾರ್ವರ್ಡಿಗೆ ಬರಲು ಕಾರಣವೇನೆಂದು ಅರ್ಜಿಯಲ್ಲಿ ಕೇಳಿದ್ದಕ್ಕೆ ಐದು ವಾಕ್ಯಗಳಲ್ಲಿ ಉತ್ತರ ಬರೆದನು: ಅಲ್ಲಿ ಒಳ್ಳೆಯ ಶಿಕ್ಷಣ ಸಿಗುತ್ತದೆ, ತಂದೆ ಓದಿದ ಕಾಲೇಜು ಅದು, ಹಾರ್ವರ್ಡಿನವನೆನಿಸಿಕೊಳ್ಳುವುದು ಒಂದು ಹಿರಿಮೆ. ಹೆಚ್ಚುಕಡಮೆ ಇದನ್ನೇ ಪ್ರಿನ್ಸ್‌ಟನ್ನಿಗೂ ಬರೆದು ಕಳುಹಿಸಿದ್ದನೆಂಬುದು ಆಮೇಲೆ ಬೆಳಕಿಗೆ ಬಂದ ಸಂಗತಿ. ಅವನ ತಂದೆಯು ಬೇರೆಯಾಗಿ ಒಂದು ಕಾಗದ ಬರೆದು, ಹುಡುಗನು ತನಗೆ ರುಚಿಸಿದ ವಿಷಯಗಳಲ್ಲಿ ಚುರುಕು, ರುಚಿಸದುದರಲ್ಲಿ ಉದಾಸೀನ ಎಂದು, ತಂದೆಯಾದವನು ಇಂತಹ ಸಂದರ್ಭದಲ್ಲಿ ಬರೆಯಬಾರದ ಸತ್ಯವನ್ನು ಬರೆದನು. ಹಾರ್ವರ್ಡ್ ಬಾಗಿಲು ತೆರೆಯಿತು. ಹುಡುಗನು ಅಲ್ಲಿಗೆ ಹೋಗದೆ ಮೊದಲು ಪ್ರಿನ್ಸ್‌ಟನ್ನಿಗೆ ಹೋದನು, ಕಾಯಿಲೆಯಾಗಿ ಬಿಟ್ಟನು, ಮರುವರ್ಷ ಹಾರ್ವರ್ಡಿಗೇ ಬಂದನು. ಇವನು ಜಾನ್ ಎಫ್. ಕೆನಡಿ.

ಎರಡನೆಯವನಿಗೆ ಹದಿನೈದು ವರ್ಷ. ರಷ್ಯದಿಂದ ವಲಸೆ ಬಂದ ಯೆಹೂದ್ಯ ಕುಟುಂಬ. ಬ್ರೂಕ್ಲಿನ್ನಿನಲ್ಲಿ ತಂದೆಯದು ಮಿಠಾಯಿಯ ಅಂಗಡಿ. ಆ ಅಂಗಡಿಯಲ್ಲಿ ಮಾರಾಟಕ್ಕೆಂದು ತಂದ ಮ್ಯಾಗಜೀನುಗಳನ್ನು ಮಡಿಕೆ ಕೆಡದಂತೆ ಓದಿ ಮತ್ತೆ ಅವುಗಳ ಜಾಗದಲ್ಲಿಡುತ್ತಿದ್ದ ಹುಡುಗ. ಅವನು ಕೊಲಂಬಿಯ ಕಾಲೇಜಿಗೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೋದನು. ಸಂದರ್ಶಿಸಿದವರು ಇಲ್ಲವೆನ್ನಲಿಲ್ಲ; ಬ್ರೂಕ್ಲಿನ್ನಿನಲ್ಲಿದ್ದ ತಮ್ಮದೇ ಇನ್ನೊಂದು ಸಂಸ್ಥೆಗೆ, ಸೆತ್ ಲೋ ಜೂನಿಯರ್ ಕಾಲೇಜಿಗೆ, ಹೋಗೆಂದು ನಯವಾಗಿ ದಾರಿ ತೋರಿಸಿದರು. ಅಲ್ಲಿಗೆ ಹೋಗಿ ನೋಡಿದರೆ ಸಹಪಾಠಿಗಳಲ್ಲಿ ಬಹುಪಾಲು ಯೆಹೂದ್ಯರು, ಮಿಕ್ಕವರು ಇಟಲಿಯ ವಲಸೆಗಾರರ ಮಕ್ಕಳು. ಹುಡುಗನಿಗೆ ಅರ್ಥವಾಯಿತು. ಇವನು ಐಸಾಕ್ ಅಸಿಮೋವ್.

ಮೂರನೆಯವನು ನ್ಯೂಯಾರ್ಕಿನ ಫಾರ್ ರಾಕವೇ ಎಂಬ ಕಡಲಂಚಿನ ಬಡಾವಣೆಯವನು. ಶಾಲೆಯಲ್ಲಿ ಗಣಿತದಲ್ಲಿ ಅವನಿಗೆ ಸರಿಸಮರಿಲ್ಲ. ಅವನೂ ಕೊಲಂಬಿಯಕ್ಕೆ ಅರ್ಜಿ ಹಾಕಿದನು. ಯೆಹೂದ್ಯರಿಗೆಂದು ಅಲ್ಲಿದ್ದ ಅಲಿಖಿತ ಮಿತಿಯ ಕಾರಣದಿಂದ ಅವನಿಗೆ ಸ್ಥಳ ದೊರೆಯಲಿಲ್ಲ. ಎಂ.ಐ.ಟಿ. ಕರೆಯಿತು, ಹೋದನು. ಇವನು ಮೂವತ್ತು ವರ್ಷಗಳ ಮೇಲೆ, 1965ರಲ್ಲಿ, ಭೌತಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಫೈನ್‌ಮನ್.

ತಿರಸ್ಕೃತರು ಮುಂದೆ ದೊಡ್ಡವರಾದರೆಂದು ಹೇಳಿ ಸಮಾಧಾನಪಡಿಸುವುದಕ್ಕಾಗಿ ಈ ಕಥೆಗಳನ್ನು ನಾನು ಹೇಳುತ್ತಿಲ್ಲ. ಅಂತಹ ಸಮಾಧಾನವನ್ನು ತಿರಸ್ಕೃತರಾದ ಮಕ್ಕಳು ಕ್ಷಮಿಸುವುದಿಲ್ಲ. ನನ್ನ ಗಮನ ಇರುವುದು ಆ ಬಾಗಿಲಿನ ಮೇಲೆ. ಮೂವರಲ್ಲಿ ಅತ್ಯಂತ ಕಡಮೆ ಶ್ರಮದಿಂದ ಬರೆದವನಿಗೆ ಅದು ಅತ್ಯಂತ ಸುಲಭವಾಗಿ ತೆರೆಯಿತು. ‘ನೀನು ಯಾರು’ ಎಂಬ ಪ್ರಶ್ನೆಗೆ ಕೆನಡಿಯ ಬಳಿ ಒಳ್ಳೆಯ ಉತ್ತರವಿದ್ದಿತು: ತಂದೆಯ ಹೆಸರು.

ಅಗುಳಿ

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ವ್ಯವಸ್ಥೆಯು ನೇರವಾಗಿಯೇ ಇದ್ದಿತು. 1900ರಲ್ಲಿ ‘ಕಾಲೇಜ್ ಬೋರ್ಡ್’ ಸ್ಥಾಪಿತವಾಗಿ ಸಾಮಾನ್ಯ ಪ್ರವೇಶ ಪರೀಕ್ಷೆಗಳು ಬಂದವು. ಪರೀಕ್ಷೆ ಪಾಸು ಮಾಡಿ ಶುಲ್ಕ ಕಟ್ಟಬಲ್ಲವನಿಗೆ ಸ್ಥಳ ಸಿಗುತ್ತಿತ್ತು. ಒಳ್ಳೆಯ ಶಾಲೆಗಳಿಗೆ ಹೋಗುವ ಭಾಗ್ಯ ಕೆಲವರಿಗೇ ಇದ್ದುದರಿಂದ ಬಾಗಿಲಿಗೆ ಕಾವಲುಗಾರನ ಅಗತ್ಯ ಯಾರಿಗೂ ತೋರಿರಲಿಲ್ಲ.

ಆದರೆ ಪರೀಕ್ಷೆಗೆ ಒಂದು ದೋಷವಿದೆ. ಉಳ್ಳವರ ದೃಷ್ಟಿಯಿಂದ ಹೇಳುವುದಾದರೆ. ಯಾರು ಬೇಕಾದರೂ ಓದಿ ಪಾಸು ಮಾಡಿಬಿಡಬಹುದು. ಪೂರ್ವ ಯೂರೋಪಿನಿಂದ ಬಂದ ಬಡ ಯೆಹೂದ್ಯರ ಮಕ್ಕಳು ಓದಿದರು, ಪಾಸು ಮಾಡಿದರು. 1922ರ ಹೊತ್ತಿಗೆ ಹಾರ್ವರ್ಡಿನ ಹೊಸ ವಿದ್ಯಾರ್ಥಿಗಳಲ್ಲಿ ಐವರಲ್ಲಿ ಒಬ್ಬನಿಗೂ ಮಿಕ್ಕು ಯೆಹೂದ್ಯರಾಗಿದ್ದರು. ಅಧ್ಯಕ್ಷ ಲಾರೆನ್ಸ್ ಲೋವೆಲ್ ಕಳವಳಗೊಂಡು, ನೂರಕ್ಕೆ 15ರ ಮಿತಿ ಹಾಕಬೇಕೆಂದು ಬಾಯಿಬಿಟ್ಟು ಹೇಳಿದರು. ಗಲಾಟೆಯಾಯಿತು. ಅಧ್ಯಾಪಕರು ಒಪ್ಪಲಿಲ್ಲ.

ನೇರವಾಗಿ ಹಾಕಲಾಗದ ಮಿತಿಯನ್ನು ಬಳಸುದಾರಿಯಿಂದ ಹಾಕಿದ ಬಗೆಯು, ನನ್ನ ಮಟ್ಟಿಗೆ, ಈ ಇಡೀ ಇತಿಹಾಸದಲ್ಲಿ ಅತ್ಯಂತ ಚತುರವೂ ಅತ್ಯಂತ ಹೇಯವೂ ಆದ ಪ್ರಕರಣ. ಅರ್ಜಿಯ ನಮೂನೆಯು ಬೆಳೆಯಿತು. ನಿನ್ನ ಮತ ಯಾವುದು? ತಾಯಿಯ ತವರಿನ ಮನೆತನದ ಹೆಸರೇನು? ನೀನು ಹುಟ್ಟಿದ ಮೇಲೆ ನಿನ್ನ ಹೆಸರಾಗಲಿ ತಂದೆಯ ಹೆಸರಾಗಲಿ ಬದಲಾಗಿದೆಯೇ? ಭಾವಚಿತ್ರವನ್ನು ಅಂಟಿಸು. ನಿನ್ನ ಶೀಲಸ್ವಭಾವಗಳನ್ನು ಬಲ್ಲವರ ಪತ್ರ ತಾ. ಸಂದರ್ಶನಕ್ಕೆ ಬಾ. 1926ರ ವೇಳೆಗೆ ‘ಚಾರಿತ್ರ್ಯ’ ಎಂಬ, ಅಳತೆಗೆ ಸಿಕ್ಕದ, ಆದುದರಿಂದಲೇ ಯಾವ ಅಳತೆಗಾದರೂ ಒದಗುವ ಗುಣವು ಪ್ರವೇಶಕ್ಕೆ ಮುಖ್ಯವಾಯಿತು. ಯೆಹೂದ್ಯರ ಸಂಖ್ಯೆ ಇಳಿಯಿತು. ಮಿತಿಯಿದೆಯೆಂದು ಯಾರೂ ಒಪ್ಪಿಕೊಳ್ಳಬೇಕಾಗಲಿಲ್ಲ.

ನಮ್ಮ ಕಡೆ ಹೊಸಬನನ್ನು “ಯಾರ ಪೈಕಿ?” ಎಂದು ಕೇಳುವುದುಂಟಲ್ಲ, ಕೇಳುವವನಿಗೂ ಹೇಳುವವನಿಗೂ ಅದರ ನಿಜವಾದ ಅರ್ಥ ತಿಳಿದೇ ಇರುತ್ತದಲ್ಲ, ಅದನ್ನೇ ಅಚ್ಚುಹಾಕಿಸಿ ಹಂಚಿದರೆಂದು ತಿಳಿದರೆ ಆಯಿತು.

ಅದೇ ಹತ್ಯಾರವನ್ನು ಮುಂದಿನವರು ಬೇರೆ ಕೆಲಸಕ್ಕೂ ಬಳಸಿದರೆನ್ನುವುದು ನ್ಯಾಯ. 1933ರಲ್ಲಿ ಲೋವೆಲ್ಲರ ತರುವಾಯ ಬಂದ ಜೇಮ್ಸ್ ಕಾನಂಟ್ ದೂರದ ರಾಜ್ಯಗಳ ಬಡ ಪ್ರತಿಭಾವಂತರಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆತಂದರು. ಕರಿಯ ಜನಾಂಗದವರಿಗೆ ಶತಮಾನಗಳ ಕಾಲ ಮುಚ್ಚಿದ್ದ ಬಾಗಿಲನ್ನು ತೆರೆಯಲು, ‘ಇಡೀ ವ್ಯಕ್ತಿಯನ್ನು ನೋಡುತ್ತೇವೆ’ ಎಂಬ ಇದೇ ವಿಧಾನ ಆಧಾರವಾಯಿತು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು, 2023ರ ಜೂನ್ 29ರಂದು ಜನಾಂಗವನ್ನು ಗಣನೆಗೆ ತೆಗೆದುಕೊಳ್ಳಕೂಡದೆಂದಿತು. ಪ್ರಬಂಧ, ಶಿಫಾರಸು, ಸಂದರ್ಶನ ಮಾತ್ರ ಉಳಿದವು. ಒಗ್ಗರಣೆಯ ಡಬ್ಬಿಯ ಮೇಲೆ ಬರೆಯುವ ಬಸವನಗುಡಿಯ ಹುಡುಗಿಗೆ ತಾನು ತುಂಬುತ್ತಿರುವ ನಮೂನೆಯ ವಂಶಾವಳಿ ತಿಳಿಯದು.

---

ಒಳಮನೆಯ ಭಾಷೆ

2023ರ ಆ ತೀರ್ಪಿಗೆ ಮೂಲವಾದ, ಹಾರ್ವರ್ಡಿನ ಮೇಲೆ ಹೂಡಿದ ಮೊಕದ್ದಮೆಯು 2018ರಲ್ಲಿ ಬಾಸ್ಟನ್ನಿನ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದಾಗ ಪ್ರವೇಶ ಸಮಿತಿಯ ಒಳವ್ಯವಹಾರ ಜಗತ್ತಿಗೆ ತಿಳಿಯಿತು.

ಅರ್ಜಿಗಳನ್ನು ಭೂಭಾಗಕ್ಕೆ ಅನುಸಾರವಾಗಿ ಇಪ್ಪತ್ತು ಕಟ್ಟುಗಳಾಗಿ ಹಂಚುತ್ತಾರೆ. ವಿದ್ಯೆ, ಪಠ್ಯೇತರ ಸಾಧನೆ, ಕ್ರೀಡೆ, ವ್ಯಕ್ತಿತ್ವ ಎಂಬ ಶೀರ್ಷಿಕೆಗಳಲ್ಲಿ ಒಂದೊಂದಕ್ಕೂ ದರ್ಜೆ. 1 ಎಲ್ಲಕ್ಕಿಂತ ಮೇಲು. ಸುಮಾರು ನಲವತ್ತು ಜನರ ಸಮಿತಿಯಲ್ಲಿ ಬಹುಮತದಿಂದ ತೀರ್ಮಾನ.

ತಕ್ಕಡಿಯನ್ನು ಒಂದಿಷ್ಟು ವಾಲಿಸುವ ಅನುಕೂಲಕ್ಕೆ ‘ಟಿಪ್’ ಎಂದು ಹೆಸರು. ಸಂಖ್ಯೆ ಹೆಚ್ಚಾದಾಗ ಕೊನೆಯಲ್ಲಿ ಕತ್ತರಿಸುವ ಪಟ್ಟಿಗೆ ‘ಲಾಪ್’ ಎಂದು ಹೆಸರು. ಕೊಂಬೆಯನ್ನು ಸವರಿಹಾಕುವುದಕ್ಕೆ ಬಳಸುವ ಮಾತು.

ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ದಾನಿಗಳೇ ಮೊದಲಾದವರ ಕಡೆಯಿಂದ ಡೀನರ ವಿಶೇಷ ಪಟ್ಟಿಗೆ ಸೇರಿದವರು, ಅಧ್ಯಾಪಕರ ಮಕ್ಕಳು ಅರ್ಜಿದಾರರಲ್ಲಿ ನೂರಕ್ಕೆ ಐವರಷ್ಟಿದ್ದರೆ, ಆಯ್ಕೆಯಾದವರಲ್ಲಿ ಮೂವತ್ತರಷ್ಟಿದ್ದರು. ಏಷ್ಯ ಮೂಲದವರಿಗೆ ವಿದ್ಯೆಯಲ್ಲಿ ಮೇಲಿನ ದರ್ಜೆಯೂ ‘ವ್ಯಕ್ತಿತ್ವ’ದಲ್ಲಿ ಕೆಳಗಿನ ದರ್ಜೆಯೂ ಸರಾಸರಿಯಾಗಿ ಬಂದಿದ್ದವು.

---

ಹನ್ನೆರಡು ಟವಲುಗಳು

ಹಾಗಿದ್ದರೂ ಬಹುಕಾಲದವರೆಗೆ ಈ ಕಾಯುವಿಕೆಯು ಇಷ್ಟು ದಾರುಣವಾಗಿರಲಿಲ್ಲ. 1952ರಲ್ಲಿ ಹಾರ್ವರ್ಡ್ ಕೂಡ ಬಂದ ಅರ್ಜಿಗಳಲ್ಲಿ ಮೂರರಲ್ಲಿ ಎರಡರಷ್ಟನ್ನು ಸ್ವೀಕರಿಸುತ್ತಿದ್ದಿತು. ಯೋಗ್ಯರಾದ ಹುಡುಗರನ್ನು ಅವರವರ ಶಾಲೆಯ ಹೆಡ್‌ಮಾಸ್ತರರೇ ಗುರುತಿಸಿ ಕಳುಹಿಸುತ್ತಿದ್ದರು; ಹೆಣ್ಣುಮಕ್ಕಳ ಮಾತೇ ಇರಲಿಲ್ಲ.

ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರಕಾರವು ಶುಲ್ಕ ಕೊಟ್ಟಿತು. ಅವರ ಮಕ್ಕಳ ಭಾರಿ ತಲೆಮಾರು ಅರುವತ್ತರ ದಶಕದಲ್ಲಿ ಬೆಳೆದು ನಿಂತಿತು. ಆಮೇಲೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು, ಅನಂತರ ಹೊರದೇಶದವರಿಗೂ. ಒಳಗಿನ ಆಸನಗಳು ಮಾತ್ರ ಅದಕ್ಕೆ ತಕ್ಕಷ್ಟು ಹೆಚ್ಚಲಿಲ್ಲ. 1975ರಲ್ಲಿ ಹದಿನೈದು ಖಾಸಗಿ ಕಾಲೇಜುಗಳು ಕೂಡಿ ಎಲ್ಲಕ್ಕೂ ಒಂದೇ ಅರ್ಜಿ ಸಾಕೆಂದು ‘ಕಾಮನ್ ಅಪ್ಲಿಕೇಶನ್’ ಹೊರಡಿಸಿದವು. ಅದು ಕಂಪ್ಯೂಟರಿಗೆ ಬಂದ ಮೇಲೆ ಇಪ್ಪತ್ತು ಕಾಲೇಜುಗಳವರೆಗೆ ಒಬ್ಬನೇ ಅರ್ಜಿ ಕಳುಹಿಸುವುದು ಸಾಧ್ಯವಾಯಿತು.

ಸಂತೆಯ ದಿನ ಬಸ್ಸು ಬಂದು ನಿಲ್ಲುವ ಮುನ್ನವೇ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವುದನ್ನು ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಒಂದು ಬಸ್ಸಿನಲ್ಲಿ ಸೀಟು ಸಿಗದೆ ಹೋದೀತೆಂಬ ಭಯದಿಂದ ಹುಡುಗನು ಹನ್ನೆರಡು ಬಸ್ಸುಗಳಲ್ಲಿ ಹನ್ನೆರಡು ಟವಲು ಹಾಕುತ್ತಾನೆ. ಎಲ್ಲರೂ ಹಾಗೆಯೇ ಹಾಕುವುದರಿಂದ ಪ್ರತಿಯೊಂದು ಬಸ್ಸಿನಲ್ಲಿಯೂ ಒಂದು ಸೀಟಿಗೆ ಇಪ್ಪತ್ತು ಟವಲು ಬೀಳುತ್ತದೆ. ಅದನ್ನು ನೋಡಿ ಹೆದರಿದ ಮರುವರ್ಷದವರು ಹದಿನೈದು ಟವಲು ಹೊಲಿಸುತ್ತಾರೆ. ಟವಲೊಂದಕ್ಕೆ 75 ಡಾಲರ್ ಆಸುಪಾಸು. ಇಷ್ಟರ ಮೇಲೆ ಬಸ್ಸಿನವರೇ ‘ನೋಡಿದಿರಾ, ನಮ್ಮ ಬಸ್ಸಿಗೆ ಎಷ್ಟು ಬೇಡಿಕೆ’ ಎಂದು ಹಲಗೆ ಬರೆಸುತ್ತಾರೆ. ಹೊರಗೆ ನಿಲ್ಲಿಸಿದವರ ಸಂಖ್ಯೆಯೇ ಒಳಗಿನವರ ಘನತೆಯ ಅಳತೆಯಾದ ವಿದ್ಯಾಲಯವನ್ನು ಏನೆಂದು ಕರೆಯಬೇಕೋ ನನಗೆ ಹೊಳೆಯದು.

ಹಿಂದೆ ಉತ್ತರವು ಅಂಚೆಯಲ್ಲಿ ಬರುತ್ತಿದ್ದಿತು, ಏಪ್ರಿಲ್ ನಡುಭಾಗದಲ್ಲಿ. ದಪ್ಪ ಲಕೋಟೆಯಾದರೆ ಒಳಗೆ ವಸತಿಯ ನಮೂನೆ, ಶುಲ್ಕದ ನಮೂನೆ, ಸ್ವಾಗತದ ಪುಸ್ತಿಕೆ; ತೆಳುವಾದರೆ ಒಂದೇ ಹಾಳೆ, ಅದರಲ್ಲಿ ವಿಷಾದ. ಒಡೆಯುವ ಅಗತ್ಯವೇ ಇರಲಿಲ್ಲ. ಪೆಟ್ಟಿಗೆಯೊಳಗೆ ಕೈಯಿಟ್ಟ ಬೆರಳುಗಳಿಗೇ ತಿಳಿಯುತ್ತಿತ್ತು. ಇಂದಿನ ಮಕ್ಕಳಿಗೆ ಆ ಸ್ಪರ್ಶಜ್ಞಾನವೂ ಇಲ್ಲ. ಅದರ ಬದಲು ಅವರು ಶಕುನ ನೋಡುತ್ತಾರೆ: ಪರದೆಯ ಮೂಲೆಯಲ್ಲಿ ಒಂದು ಪದ ಬದಲಾಯಿತೇ, ವಿದ್ಯಾರ್ಥಿವೇತನದ ಪುಟದಲ್ಲಿ ಹೊಸ ಗೆರೆ ಮೂಡಿತೇ, ಪಕ್ಕದ ಶಾಲೆಯವನಿಗೆ ಬಂದ ಪತ್ರ ತನಗೇಕೆ ಬರಲಿಲ್ಲ. ನನ್ನ ಸೋದರಸೊಸೆಯು ಹಲ್ಲಿ ಲೊಚಗುಟ್ಟಿದ್ದಕ್ಕೆ ನೆಲ ಮುಟ್ಟಿ ನಮಸ್ಕರಿಸಿದ ಅಜ್ಜಿಯನ್ನು ನೋಡಿ ನಕ್ಕಿದ್ದಳಂತೆ. ಅವಳದು ಯಂತ್ರದ ಹಲ್ಲಿ, ಅಷ್ಟೇ.

---

ಬೆರಳು ತಪ್ಪಿದಾಗ

2002ರ ವಸಂತದಲ್ಲಿ ಯೇಲ್ ತನ್ನ ಫಲಿತಾಂಶವನ್ನು ಅಂತರಜಾಲದಲ್ಲಿ ಪ್ರಕಟಿಸಿತು. ಪ್ರಿನ್ಸ್‌ಟನ್ನಿನ ಪ್ರವೇಶ ಕಚೇರಿಯವರು ತಮ್ಮ ಬಳಿಯಿದ್ದ ಅರ್ಜಿದಾರರ ಜನ್ಮದಿನಾಂಕ ಮೊದಲಾದ ವಿವರಗಳನ್ನು ಉಪಯೋಗಿಸಿ ಅದರೊಳಗೆ ಹೊಕ್ಕು ನೋಡಿದುದು ಜುಲೈನಲ್ಲಿ ಬಯಲಾಗಿ ದೊಡ್ಡ ಹಗರಣವಾಯಿತು.

2009ರ ಮಾರ್ಚ್ ಕೊನೆಯಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯು ಆಯ್ಕೆಯಾದ 18,000 ಮಂದಿಗೆ ಕಳುಹಿಸಬೇಕಾಗಿದ್ದ ಸ್ವಾಗತದ ಇ-ಮೇಲನ್ನು ಅರ್ಜಿ ಹಾಕಿದ 46,000 ಮಂದಿಗೂ ಕಳುಹಿಸಿತು. ಕೆಲವು ಗಂಟೆಗಳ ಮೇಲೆ ಕ್ಷಮಾಪಣೆ ಬಂದಿತು.

2012ರಲ್ಲಿ ವಾಸರ್ ಕಾಲೇಜಿನ ಪುಟದಲ್ಲಿ ಪ್ರಯೋಗಾರ್ಥವಾಗಿ ಹಾಕಿದ್ದ ಅಂಗೀಕಾರ ಪತ್ರವನ್ನು 122 ಮಂದಿ ನೋಡಿದರು. ಅವರಲ್ಲಿ 76 ಮಂದಿ ನಿಜವಾಗಿ ತಿರಸ್ಕೃತರಾಗಿದ್ದವರು.

---

ಮೂರು ಐವತ್ತೈದಕ್ಕೆ ಅವಳು ಲ್ಯಾಪ್‌ಟಾಪನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾರೂ ಜೊತೆಯಲ್ಲಿ ಬರಬಾರದೆಂದು ಮೊದಲೇ ಕರಾರು.

ಗಡಿಯಾರವನ್ನು ನೋಡುವುದಿಲ್ಲವೆಂದು ನಾವು ನಾಲ್ವರೂ ಪ್ರತ್ಯೇಕವಾಗಿ ನಿಶ್ಚಯಿಸಿಕೊಂಡಿದ್ದೆವೆಂದು ತೋರುತ್ತದೆ, ಏಕೆಂದರೆ ಯಾರ ಕಣ್ಣೂ ಆ ಗೋಡೆಯ ಕಡೆಗೆ ಹೊರಳಲಿಲ್ಲ. ಭಾವನವರು ಪತ್ರಿಕೆಯ ಪುಟವನ್ನು ತಿರುವಿದರು. ತಂಗಿಯ ಲೋಟದಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿತು. ಬುಲ್ ಟೆಂಪಲ್ ರಸ್ತೆಯ ಕಡೆಯಿಂದ ಮೊದಲನೆಯ ಆಟೋ ಒಂದು ಹೋದ ಸದ್ದು ಕೇಳಿತು.

ಚಿಲಕ ತೆಗೆದಾಗ ಗಂಟೆ ನಾಲ್ಕು ಆರು. ಅವಳ ಮುಖದಲ್ಲಿ ಅಳುವಿರಲಿಲ್ಲ, ನಗುವೂ ಇರಲಿಲ್ಲ.

“ಏನಂತೆ?” ಎಂದು ಕೇಳಿದವರು ಅಜ್ಜಿ, ಮಿಕ್ಕವರಿಗೆ ಆ ಧೈರ್ಯವಿರಲಿಲ್ಲ.

“ಕಾಯಬೇಕಂತೆ.”

ಹೌದು ಎಂಬುದೂ ಅಲ್ಲದ ಇಲ್ಲ ಎಂಬುದೂ ಅಲ್ಲದ ಮೂರನೆಯ ಉತ್ತರವೊಂದನ್ನು ಈ ವಿದ್ಯಾಲಯಗಳು ಕಂಡುಹಿಡಿದಿವೆ. ಕರೆ ಬಂದವರು ಮೇ 1ರೊಳಗೆ ತಮ್ಮ ಒಪ್ಪಿಗೆ ತಿಳಿಸಬೇಕು. ಅವರಲ್ಲಿ ಕೆಲವರು ಬಾರದೆ ಸ್ಥಳ ಉಳಿದರೆ ಕಾಯುವ ಪಟ್ಟಿಯಿಂದ ತುಂಬಿಕೊಳ್ಳುತ್ತಾರೆ. ಉಳಿಯದಿದ್ದರೆ ಒಬ್ಬರನ್ನೂ ಕರೆಯದ ವರ್ಷಗಳೂ ಉಂಟು. ಇದನ್ನೆಲ್ಲ ಅವಳು ರಸಾಯನಶಾಸ್ತ್ರದ ಸೂತ್ರವನ್ನು ಒಪ್ಪಿಸುವ ಧಾಟಿಯಲ್ಲಿ ಒಪ್ಪಿಸಿದಳು.

“ವೇಟಿಂಗ್ ಲಿಸ್ಟು ಅನ್ನು ಮತ್ತೆ!” ಎಂದರು ಅಜ್ಜಿ. ವರ್ಷಕ್ಕೆರಡು ಸಲ ಹುಬ್ಬಳ್ಳಿಯ ಮಗಳ ಮನೆಗೆ ರೈಲಿನಲ್ಲಿ ಹೋಗಿಬರುವ ಅವರಿಗೆ ಇಡೀ ರಾತ್ರಿಯ ಸಂಗತಿಗಳಲ್ಲಿ ಮೊದಲ ಸಲ ಒಂದು ಅರ್ಥವಾಗಿತ್ತು. “ಎಷ್ಟನೇ ನಂಬರು ಬಂದಿದೆ? ಇಪ್ಪತ್ತರ ಒಳಗಿದ್ದರೆ ಯೋಚನೆಯಿಲ್ಲ, ಆಗತ್ತೆ.”

“ನಂಬರ್ ಕೊಡೋದಿಲ್ಲ, ಅಜ್ಜಿ.”

“ನಂಬರೇ ಕೊಡೋದಿಲ್ವೆ?” ಅಜ್ಜಿಯವರು ಸೊಸೆಯ ಮುಖವನ್ನೂ ಮಗನ ಮುಖವನ್ನೂ ನೋಡಿದರು. “ನಂಬರಿಲ್ಲದೆ ಹೇಗೆ ಕಾಯೋದು?”

ಯಾರೂ ಉತ್ತರ ಹೇಳಲಿಲ್ಲ. ಹುಡುಗಿಯು ಮೇಜಿನ ಮೇಲೆ ಮಗುಚಿಟ್ಟಿದ್ದ ಪುಸ್ತಕವನ್ನು ಎತ್ತಿ, ಕೆಳಗೆ ನೋಡಿ, ಪತ್ರಿಕೆಗಳ ರಾಶಿಯನ್ನು ಸರಿಸಿ, ಬಾಗಿ ಕುರ್ಚಿಯ ಅಡಿಯಲ್ಲಿ ಹುಡುಕಿದಳು.

“ಮಾಮ, ನನ್ನ ಹಾಲ್ ಟಿಕೆಟ್ ನೋಡಿದೆಯಾ?”

ಅದು ದೇವರ ಮುಂದೆ, ದೀಪದ ಪಕ್ಕದಲ್ಲಿ, ಅಜ್ಜಿ ಇಟ್ಟಿದ್ದ ಕಡೆ ಇತ್ತು. ರಿಜಿಸ್ಟರ್ ನಂಬರಿನ ಮೇಲೆ ಒಂದು ಚಿಟಿಕೆ ಕುಂಕುಮ ಬಿದ್ದಿದ್ದಿತು. ಅವಳು ಅದನ್ನು ಊದಿ, ಸ್ಕರ್ಟಿಗೆ ಒರಸಿ, ಪುಸ್ತಕದೊಳಗೆ ಇಟ್ಟುಕೊಂಡು, ಆರು ಗಂಟೆಗೆ ಎಬ್ಬಿಸಿರೆಂದು ಹೇಳಿ ಮಲಗಲು ಹೋದಳು.